ಲಿನಕ್ಸ್: ಎಂಜಿನಿಯರಿಂಗ್ ವಿದ್ಯಾರ್ಥಿಗೆ ಆಯ್ಕೆಯೋ, ಅಗತ್ಯವೋ?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ವೈಯಕ್ತಿಕ ಬಳಕೆದಾರರಿಗೆ ಸುರಕ್ಷಾ ಪರಿಷ್ಕರಣೆಗಳನ್ನು ಒಂದು ವರ್ಷ ವಿಸ್ತರಿಸುವ ಯೋಜನೆಯನ್ನು ಪ್ರಕಟಿಸಿದ್ದು ಬಿಟ್ಟರೆ, ಉಳಿದ ದಾರಿ ವಿಂಡೋಸ್ 11 ಒಂದೇ. 2021ರಲ್ಲಿ ಬಂದ ಆ ಆವೃತ್ತಿಗೆ ಟಿಪಿಎಂ 2.0 ಎಂಬ ಸುರಕ್ಷಾ ಚಿಪ್ ಬೇಕು. ಇಂಟೆಲ್ ಯಂತ್ರವಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಇರಬೇಕು. ಮಹಾನಗರದ ಕಂಪನಿಗೆ ಇದು ವಾರ್ಷಿಕ ಖರ್ಚಿನ ಮತ್ತೊಂದು ಬಾಬ್ತು. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಹಳ್ಳಿಯೊಂದರಿಂದ ಅಣ್ಣನ ಹಳೆಯ ಲ್ಯಾಪ್‌ಟಾಪನ್ನೋ, ಎರಡನೆಯ ಕೈಯಿಂದ ಕೊಂಡ ಯಂತ್ರವನ್ನೋ ಹೆಗಲಿಗೇರಿಸಿಕೊಂಡು ಎಂಜಿನಿಯರಿಂಗ್ ಕಾಲೇಜಿಗೆ ಹೊರಡುವ ವಿದ್ಯಾರ್ಥಿಗೆ ಇದರ ಅರ್ಥವೇ ಬೇರೆ. ಕೆಲಸ ಮಾಡುತ್ತಿರುವ ಯಂತ್ರವನ್ನು ತಯಾರಕರ ಕಡೆಯಿಂದಲೇ ನಿರುಪಯೋಗಿ ಎಂದು ಘೋಷಿಸಿದಂತಾಗಿದೆ.

ಈ ಹಿನ್ನೆಲೆಯಲ್ಲಿ ಎರಡು ದಶಕಗಳಿಂದ ಕಾಲೇಜು ಹಾಸ್ಟೆಲುಗಳಲ್ಲಿ ಚರ್ಚೆಯಾಗುತ್ತ ಬಂದಿರುವ ಪ್ರಶ್ನೆಯೊಂದು ಮತ್ತೆ ಮುನ್ನೆಲೆಗೆ ಬಂದಿದೆ. ಎಂಜಿನಿಯರಿಂಗ್ ಮತ್ತು ಗಣಕ ವಿಜ್ಞಾನ ಓದುವವರು ಲಿನಕ್ಸ್ ಬಳಸಬೇಕೇ? ಇದು ಅಭಿರುಚಿಯ ವಿಚಾರವೆಂದು ಬಿಟ್ಟುಬಿಡುವವರಿದ್ದಾರೆ. ಆದರೆ ಪ್ರಶ್ನೆಯನ್ನು ಸ್ವಲ್ಪ ಕೆದಕಿದರೆ ಅದು ಅಭಿರುಚಿಯದ್ದಲ್ಲ, ಶಿಕ್ಷಣದ್ದು ಎಂಬುದು ಸ್ಪಷ್ಟವಾಗುತ್ತದೆ. ಅದಕ್ಕೆ ಉತ್ತರ ಕೊಡಬೇಕಾದವರು ವಿದ್ಯಾರ್ಥಿಗಳಿಗಿಂತ ಮೊದಲು ಪಠ್ಯಕ್ರಮ ರೂಪಿಸುವವರು ಮತ್ತು ಪ್ರಯೋಗಾಲಯ ನಡೆಸುವವರು.

ಪಾಠ ಹೇಳಬಾರದೆಂಬ ನಿರ್ಬಂಧದಿಂದ

ಲಿನಕ್ಸ್‌ನ ಹುಟ್ಟಿಗೂ ತರಗತಿಯ ಕೋಣೆಗೂ ನೇರ ಸಂಬಂಧವಿದೆ. 1970ರ ದಶಕದಲ್ಲಿ ಅಮೆರಿಕದ ಎಟಿ ಅಂಡ್ ಟಿ ಕಂಪನಿಯ ಬೆಲ್ ಪ್ರಯೋಗಾಲಯ ರೂಪಿಸಿದ ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಯು ಮೂಲ ಸಂಕೇತದ ಸಮೇತ ವಿಶ್ವವಿದ್ಯಾಲಯಗಳಿಗೆ ದೊರೆಯುತ್ತಿತ್ತು. ಆಸ್ಟ್ರೇಲಿಯದ ಪ್ರಾಧ್ಯಾಪಕ ಜಾನ್ ಲಯನ್ಸ್ ಆ ಸಂಕೇತಕ್ಕೆ ಸಾಲು ಸಾಲಾಗಿ ವ್ಯಾಖ್ಯಾನ ಬರೆದು ತಮ್ಮ ವಿದ್ಯಾರ್ಥಿಗಳಿಗೆ ಪಾಠ ಹೇಳಿದರು. 1979ರಲ್ಲಿ ಬಂದ ಯುನಿಕ್ಸ್‌ನ ಏಳನೆಯ ಆವೃತ್ತಿಯ ಪರವಾನಗಿಯಲ್ಲಿ ಕಂಪನಿಯು ಸಂಕೇತವನ್ನು ತರಗತಿಯಲ್ಲಿ ಬೋಧಿಸುವುದನ್ನು ನಿರ್ಬಂಧಿಸಿತು. ಲಯನ್ಸ್ ಅವರ ವ್ಯಾಖ್ಯಾನ ಮುಂದೆ ಅನೇಕ ವರ್ಷ ನೆರಳಚ್ಚು ಪ್ರತಿಗಳ ರೂಪದಲ್ಲಿ ಕೈಯಿಂದ ಕೈಗೆ ಸಾಗಿತು. ಅದು ಪುಸ್ತಕವಾಗಿ ಅಧಿಕೃತವಾಗಿ ಪ್ರಕಟವಾದದ್ದು 1996ರಲ್ಲಿ.

ಈ ನಿರ್ಬಂಧದಿಂದ ಬೇಸತ್ತ ನೆದರ್ಲೆಂಡ್ಸ್‌ನ ಪ್ರಾಧ್ಯಾಪಕ ಆಂಡ್ರ್ಯೂ ಟನೆನ್‌ಬಾಮ್ 1987ರಲ್ಲಿ ಪಾಠಕ್ಕೆಂದೇ ಮಿನಿಕ್ಸ್ ಎಂಬ ಪುಟ್ಟ ಕಾರ್ಯಾಚರಣ ವ್ಯವಸ್ಥೆಯನ್ನು ಬರೆದರು. ಅದನ್ನು ತಮ್ಮ ಮನೆಯ ಯಂತ್ರದಲ್ಲಿ ಬಳಸಿ, ಅದರ ಮಿತಿಗಳಿಂದ ಕಿರಿಕಿರಿಗೊಂಡ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ 1991ರ ಆಗಸ್ಟ್‌ನಲ್ಲಿ ತಮ್ಮದೇ ಪ್ರಯತ್ನವನ್ನು ಪ್ರಕಟಿಸಿದರು. 1983ರಲ್ಲೇ ರಿಚರ್ಡ್ ಸ್ಟಾಲ್‌ಮನ್ ಆರಂಭಿಸಿದ್ದ ಗ್ನೂ ಯೋಜನೆಯ ಉಪಕರಣಗಳೂ ಪರವಾನಗಿಯೂ ಅದಕ್ಕೆ ಜೊತೆಯಾದವು. 1992ರಲ್ಲಿ ಲಿನಕ್ಸ್ ಗ್ನೂ ಸಾರ್ವಜನಿಕ ಪರವಾನಗಿಯಡಿ ಬಂದ ಬಳಿಕ ಅದನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂಬುದು ಕಾನೂನಿನ ಬಲ ಪಡೆಯಿತು.

ಇಂದು ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ ಲಿನಕ್ಸ್‌ಗೆ ಪ್ರತಿಸ್ಪರ್ಧಿಯಿಲ್ಲ. 2017ರ ನವೆಂಬರ್‌ನಿಂದ ಆ ಪಟ್ಟಿಯ ಎಲ್ಲ ಯಂತ್ರಗಳೂ ಅದರ ಮೇಲೆಯೇ ನಡೆಯುತ್ತಿವೆ. ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸ್ ಕರ್ನಲ್. ಸಾಗರದ ಪೇಟೆಯಲ್ಲಿ ಅಡಿಕೆ ಧಾರಣೆಯನ್ನು ಫೋನಿನಲ್ಲಿ ನೋಡುವ ಬೆಳೆಗಾರನೂ ತನಗರಿವಿಲ್ಲದೆ ಲಿನಕ್ಸ್ ಬಳಕೆದಾರನೇ. ಬಹುಪಾಲು ಜಾಲ ಸೇವೆಗಳ ಸರ್ವರುಗಳು, ಕೃತಕ ಬುದ್ಧಿಮತ್ತೆಯ ಮಾದರಿಗಳನ್ನು ತರಬೇತುಗೊಳಿಸುವ ದೊಡ್ಡ ಯಂತ್ರಾಗಾರಗಳು ನಡೆಯುವುದೂ ಇದರ ಮೇಲೆಯೇ. ಹೀಗಿರುವಾಗ ಅದನ್ನು ಕಟ್ಟಿ ನಿಭಾಯಿಸಬೇಕಾದ ವಿದ್ಯಾರ್ಥಿಗೆ ಪದವಿ ಮುಗಿಯುವವರೆಗೂ ಅದರ ಪರಿಚಯವಾಗದಿದ್ದರೆ ದೋಷ ಯಾರದು?

ಓರೆಗೆರೆಯೊಂದರ ಮಹಿಮೆ

ರಾಜ್ಯದ ಬಹುತೇಕ ಎಂಜಿನಿಯರಿಂಗ್ ಕಾಲೇಜುಗಳಿಗೆ ಪಠ್ಯಕ್ರಮ ನಿಗದಿಪಡಿಸುವುದು 1998ರಲ್ಲಿ ಸ್ಥಾಪನೆಯಾದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ಅದರ ಪಠ್ಯಕ್ರಮ ಲಿನಕ್ಸ್‌ಗೆ ವಿರುದ್ಧವಾಗಿಲ್ಲ. 2018ರ ಪಠ್ಯಕ್ರಮದಲ್ಲಿ ಗಣಕ ವಿಜ್ಞಾನದ ಐದನೆಯ ಸೆಮಿಸ್ಟರಿಗೆ ಯುನಿಕ್ಸ್ ಪ್ರೋಗ್ರಾಮಿಂಗ್ ಎಂಬ ವಿಷಯವೇ ಇತ್ತು. ಆದರೆ ಕೈಯಾರೆ ಕಲಿಯುವ ಪ್ರಯೋಗಾಲಯದ ಮಾತು ಬಂದಾಗ ಸ್ಥಿತಿ ಬೇರೆ. 2015 ಮತ್ತು 2017ರ ಪಠ್ಯಕ್ರಮಗಳಲ್ಲಿ ಡೇಟಾ ಸ್ಟ್ರಕ್ಚರ್ಸ್ ಪ್ರಯೋಗಾಲಯದ ಸೂಚನೆಯು ಎಲ್ಲ ಪ್ರಯೋಗಗಳನ್ನು ಸಿ ಭಾಷೆಯಲ್ಲಿ, ಲಿನಕ್ಸ್ ಅಥವಾ ವಿಂಡೋಸ್ ಪರಿಸರದಲ್ಲಿ ಮಾಡಬೇಕೆಂದು ಹೇಳಿತು. ಎರಡು ಹೆಸರುಗಳ ನಡುವೆ ಒಂದು ಓರೆಗೆರೆ. ಆಯ್ಕೆಯ ಸ್ವಾತಂತ್ರ್ಯ ಕೊಡುವ ಸದುದ್ದೇಶ ಅದರ ಹಿಂದೆ ಇದ್ದಿರಬಹುದು. ಆದರೆ ಎರಡರಲ್ಲಿ ಒಂದು ಸಾಕೆಂದಾಗ ಪ್ರಯೋಗಾಲಯ ಯಾವುದನ್ನು ಆರಿಸಿಕೊಳ್ಳುತ್ತದೆಂಬುದಕ್ಕೆ ಜೋಯಿಸರನ್ನು ಕೇಳಬೇಕಿಲ್ಲ. ಎಲ್ಲಿ ರೂಢಿ ಇದೆಯೋ ಅಲ್ಲಿಗೇ ಕೈ ಹೋಗುತ್ತದೆ.

ರೂಢಿಯ ಬೆಲೆ ಎಷ್ಟೆಂಬುದಕ್ಕೆ ಟರ್ಬೊ ಸಿ ಒಳ್ಳೆಯ ನಿದರ್ಶನ. ಬೋರ್‌ಲ್ಯಾಂಡ್ ಕಂಪನಿಯ ನೀಲಿ ತೆರೆಯ ಈ ತಂತ್ರಾಂಶ 1990ರ ದಶಕದ ಆರಂಭದ ಡಾಸ್ ಯಂತ್ರಗಳಿಗಾಗಿ ರೂಪುಗೊಂಡದ್ದು. ಡಾಸ್ ಮರೆಯಾಗಿ ದಶಕಗಳಾದ ಮೇಲೂ, ಹೊಸ ಯಂತ್ರದಲ್ಲಿ ಹಳೆಯ ಡಾಸನ್ನು ಅನುಕರಿಸುವ ತಂತ್ರಾಂಶ ಹಾಕಿ, ಅದರೊಳಗೆ ಟರ್ಬೊ ಸಿ ನಡೆಸಿ ಸಿ ಭಾಷೆ ಕಲಿಸಿದ ಪ್ರಯೋಗಾಲಯಗಳು ದೇಶದಾದ್ಯಂತ ಇದ್ದವು. ಅದರಲ್ಲಿ ಪೂರ್ಣಾಂಕವೊಂದಕ್ಕೆ ಮೀಸಲಾದ ಜಾಗ 16 ಬಿಟ್. ಅದು ಹಿಡಿಯಬಲ್ಲ ಗರಿಷ್ಠ ಸಂಖ್ಯೆ 32,767. ಅಡಿಕೆ ಮಾರಾಟದಿಂದ ಬಂದ 20,000 ರೂಪಾಯಿಯ ಎರಡು ಮೊತ್ತಗಳನ್ನು ಸಾಮಾನ್ಯ ಪೂರ್ಣಾಂಕಗಳಾಗಿ ಅದರಲ್ಲಿ ಕೂಡಿಸಿದರೆ ಉತ್ತರ 40,000 ಬರುವುದಿಲ್ಲ, ಮೈನಸ್ 25,536 ಬರುತ್ತದೆ. ಅಷ್ಟೇ ಅಲ್ಲ, ಸಿ++ ಭಾಷೆಗೆ ಅಂತಾರಾಷ್ಟ್ರೀಯ ಮಾನಕ ಬಂದದ್ದು 1998ರಲ್ಲಿ. ಅದಕ್ಕೂ ಮೊದಲಿನ ಸಾಧನದಲ್ಲಿ ಆ ಭಾಷೆ ಕಲಿತವರು, ಉದ್ಯೋಗಕ್ಕೆ ಹೋದ ದಿನ ಅರ್ಧ ಪಾಠವನ್ನು ಮರೆಯಬೇಕಾಗುತ್ತಿತ್ತು. ಇದೇ ಹೊತ್ತಿನಲ್ಲಿ ಗ್ನೂ ಯೋಜನೆಯ ಜಿಸಿಸಿ ಎಂಬ ಕಂಪೈಲರ್ ಹಣವಿಲ್ಲದೆ, ಅಂದಂದಿನ ಮಾನಕಕ್ಕೆ ತಕ್ಕಂತೆ, ಲಿನಕ್ಸ್‌ನೊಂದಿಗೆ ಸಿಗುತ್ತಿತ್ತು. ಕೊರತೆಯಾಗಿದ್ದದ್ದು ಹಣದ್ದಲ್ಲ, ರೂಢಿ ಬಿಡುವ ಮನಸ್ಸಿನದು.

ಗಡಿಯಾಚೆಯ ಕನ್ನಡ ಶಾಲೆ

ಮನಸ್ಸು ಮಾಡಿದರೆ ಏನಾಗುತ್ತದೆಂಬುದನ್ನು ನೋಡಲು ದೂರ ಹೋಗಬೇಕಿಲ್ಲ. ಕೇರಳ ಸರ್ಕಾರ 2001ರ ಸುಮಾರಿಗೆ ಐಟಿ ಅಟ್ ಸ್ಕೂಲ್ ಯೋಜನೆಯನ್ನು ಆರಂಭಿಸಿದಾಗ ಪಾಠಗಳು ಮೈಕ್ರೋಸಾಫ್ಟ್ ಉತ್ಪನ್ನಗಳ ಸುತ್ತಲೇ ಇದ್ದವು. ಒಂದು ಕಂಪನಿಯ ಉತ್ಪನ್ನವನ್ನು ಸರ್ಕಾರಿ ಪಠ್ಯವಾಗಿಸುವುದನ್ನು ಅಲ್ಲಿನ ಶಿಕ್ಷಕ ಸಂಘಟನೆಗಳೇ ಪ್ರಶ್ನಿಸಿದವು. ಆ ದಶಕ ಮುಗಿಯುವ ಮೊದಲೇ ಪ್ರೌಢಶಾಲೆಗಳ ಪಾಠ ಮತ್ತು ಪ್ರಾಯೋಗಿಕ ಪರೀಕ್ಷೆಗಳು ಸಂಪೂರ್ಣವಾಗಿ ಮುಕ್ತ ತಂತ್ರಾಂಶಕ್ಕೆ ಬದಲಾದವು. ಯೋಜನೆಯು 2017ರಲ್ಲಿ ಕೈಟ್ ಎಂಬ ಸರ್ಕಾರಿ ಕಂಪನಿಯಾಯಿತು. ಶಾಲೆಗಳಿಗೆಂದೇ ಉಬುಂಟು ಆಧಾರಿತ ಲಿನಕ್ಸ್ ಆವೃತ್ತಿಯನ್ನು ಅದು ಸಿದ್ಧಪಡಿಸಿ ಹಂಚುತ್ತದೆ. ಪರವಾನಗಿ ಶುಲ್ಕದಲ್ಲಿ ಆದ ಉಳಿತಾಯ 3,000 ಕೋಟಿ ರೂಪಾಯಿ ಎಂಬುದು ಆ ಸಂಸ್ಥೆಯದೇ ಅಂದಾಜು.

ಕನ್ನಡಿಗರಿಗೆ ಇಲ್ಲಿ ಗಮನಾರ್ಹವಾದ ಸಂಗತಿ ಬೇರೊಂದಿದೆ. ಕೇರಳದ ಪಠ್ಯಪುಸ್ತಕಗಳು ಮಲಯಾಳಂ, ಇಂಗ್ಲಿಷ್, ತಮಿಳಿನೊಂದಿಗೆ ಕನ್ನಡದಲ್ಲೂ ಪ್ರಕಟವಾಗುತ್ತವೆ. ಹೀಗಾಗಿ ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಎಂಟು, ಒಂಬತ್ತು, ಹತ್ತನೆಯ ತರಗತಿಗಳಲ್ಲಿ ಲಿನಕ್ಸ್ ಯಂತ್ರದ ಮುಂದೆ ಕುಳಿತು, ಕನ್ನಡದ ಪಠ್ಯ ಹಿಡಿದು, ಜಿಂಪ್‌ನಲ್ಲಿ ಚಿತ್ರ ತಿದ್ದಲು, ಇಂಕ್‌ಸ್ಕೇಪ್‌ನಲ್ಲಿ ವಿನ್ಯಾಸ ಬಿಡಿಸಲು, ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆಯಲು ಕಲಿಯುತ್ತ ಬಂದಿದ್ದಾರೆ. ಅದೇ ಮಗು ಮುಂದೆ ತಲಪಾಡಿ ದಾಟಿ ಕರ್ನಾಟಕದ ಎಂಜಿನಿಯರಿಂಗ್ ಕಾಲೇಜು ಸೇರಿದಾಗ, ಹೈಸ್ಕೂಲಿನಲ್ಲಿ ಮುಗಿಸಿದ ಪರಿಚಯವನ್ನು ಸಹಪಾಠಿಗಳು ಪದವಿಯ ನಡುವಿನಲ್ಲಿ ಆರಂಭಿಸುವುದನ್ನು ನೋಡಬೇಕಾಗುತ್ತದೆ. ಭಾಷೆ ಒಂದೇ, ಮಕ್ಕಳ ಬುದ್ಧಿಯಲ್ಲೂ ಭೇದವಿಲ್ಲ. ಬದಲಾದದ್ದು ಸರ್ಕಾರವೊಂದು ಕೈಗೊಂಡ ತೀರ್ಮಾನ ಮಾತ್ರ.

ಕರ್ನಾಟಕದಲ್ಲಿ ಪ್ರಯತ್ನಗಳೇ ನಡೆದಿಲ್ಲವೆಂದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮುಂದಾಗಿ ರೂಪಿಸಿದ, 2001ರಲ್ಲಿ ಜಗತ್ತಿನ ಗಮನ ಸೆಳೆದ ಸಿಂಪ್ಯೂಟರ್ ಎಂಬ ಅಂಗೈ ಯಂತ್ರ ಲಿನಕ್ಸ್ ಮೇಲೆಯೇ ನಡೆಯುತ್ತಿತ್ತು. ಅದೇ ವರ್ಷ ಲಿನಕ್ಸ್ ಬೆಂಗಳೂರು ಎಂಬ ಹೆಸರಿನಲ್ಲಿ ಆರಂಭವಾದ ಸಮಾವೇಶ ಮುಂದೆ ಫಾಸ್ ಡಾಟ್ ಇನ್ ಆಗಿ 2012ರವರೆಗೆ ದೇಶವಿದೇಶಗಳ ತಂತ್ರಜ್ಞರನ್ನು ಕೂಡಿಸಿತು. 2009ರಲ್ಲಿ ಹುಟ್ಟಿದ ಕರ್ನಾಟಕ ಮುಕ್ತ ತಂತ್ರಾಂಶ ಚಳವಳಿಯು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಶಿಬಿರಗಳನ್ನು ನಡೆಸಿ, ಕಾಲೇಜುಗಳಲ್ಲಿ ಬಳಕೆದಾರರ ಬಳಗಗಳನ್ನು ಕಟ್ಟಿತು. ಆದರೆ ಇವೆಲ್ಲ ಬಹುತೇಕ ರಾಜಧಾನಿಯ ಸುತ್ತಲಿನ ಉತ್ಸಾಹಿಗಳ ಕೆಲಸಗಳು. ಉತ್ಸಾಹಿ ಇದ್ದ ಕಾಲೇಜಿನಲ್ಲಿ ಬಳಗ ಚಿಗುರುತ್ತದೆ, ಆತ ಪದವಿ ಮುಗಿಸಿ ಹೊರಟ ವರ್ಷ ಬಾಡುತ್ತದೆ. ಕೇರಳದಲ್ಲಿ ಅದು ಪರೀಕ್ಷೆಯ ಭಾಗವಾಯಿತು. ಇಲ್ಲಿ ಹವ್ಯಾಸವಾಗಿಯೇ ಉಳಿಯಿತು.

ಆಕ್ಷೇಪಗಳಲ್ಲಿ ತಿರುಳಿಲ್ಲವೇ?

ಲಿನಕ್ಸ್ ಬೇಡವೆನ್ನುವವರ ವಾದಗಳನ್ನು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಮೊದಲನೆಯದು, ಎಂಜಿನಿಯರಿಂಗ್ ಎಂದರೆ ಗಣಕ ವಿಜ್ಞಾನ ಮಾತ್ರವಲ್ಲ. ಸಿವಿಲ್ ವಿದ್ಯಾರ್ಥಿಗೆ ಆಟೊಕ್ಯಾಡ್, ಸ್ಟ್ಯಾಡ್ ಪ್ರೊ ಬೇಕು. ಮೆಕ್ಯಾನಿಕಲ್ ವಿದ್ಯಾರ್ಥಿಗೆ ಸಾಲಿಡ್‌ವರ್ಕ್ಸ್ ಬೇಕು. ಇವು ಲಿನಕ್ಸ್‌ನಲ್ಲಿ ನಡೆಯುವುದಿಲ್ಲ. ಕೆಲಸ ಕೊಡುವ ಕಂಪನಿ ಕೇಳುವುದೂ ಇವುಗಳನ್ನೇ. ಎರಡನೆಯದು, ಮನೆಯಲ್ಲೇ ಕುಳಿತು ಬರೆಯುವ ಆನ್‌ಲೈನ್ ಪರೀಕ್ಷೆಗಳ ನಿಗಾ ತಂತ್ರಾಂಶಗಳು ಅನೇಕ ವೇಳೆ ಲಿನಕ್ಸನ್ನು ಒಪ್ಪಿಕೊಳ್ಳುವುದಿಲ್ಲ. ಮೂರನೆಯದು, ಕೆಲವು ಲ್ಯಾಪ್‌ಟಾಪುಗಳ ವೈಫೈ ಚಿಪ್, ಕೆಲವು ಪ್ರಿಂಟರುಗಳು ಸತಾಯಿಸುತ್ತವೆ. ಕೇಳಲು ಪಕ್ಕದಲ್ಲಿ ಬಲ್ಲವರಿರದಿದ್ದರೆ ಮೊದಲ ವಾರವೇ ಉತ್ಸಾಹ ಬತ್ತುತ್ತದೆ.

ನಾಲ್ಕನೆಯ ತೊಡಕು ಮಲೆನಾಡಿಗೆ ವಿಶೇಷವಾದದ್ದು. ಲಿನಕ್ಸ್‌ನ ತಂತ್ರಾಂಶಗಳು ಬರುವುದು ಅಂತರ್ಜಾಲದ ಭಂಡಾರಗಳಿಂದ. 2020ರ ಲಾಕ್‌ಡೌನ್ ಕಾಲದಲ್ಲಿ ಆನ್‌ಲೈನ್ ಪಾಠಕ್ಕಾಗಿ ಗುಡ್ಡ ಹತ್ತಿ ಸಿಗ್ನಲ್ ಹುಡುಕಿದ ವಿದ್ಯಾರ್ಥಿಗಳನ್ನು ಈ ಸೀಮೆ ಕಂಡಿದೆ. ನೆಟ್‌ವರ್ಕ್ ಇಲ್ಲದಿದ್ದರೆ ಮತದಾನವೂ ಇಲ್ಲವೆಂಬ ಕೂಗು ಶರಾವತಿ ಕಣಿವೆಯ ಹಳ್ಳಿಗಳಿಂದ ಎದ್ದದ್ದೂ ಆ ಬಳಿಕವೇ. ಅಂಥ ಊರಿನವರಿಗೆ ಹಲವು ಗಿಗಾಬೈಟ್ ಇಳಿಸಿಕೊಳ್ಳಿ ಎನ್ನುವುದು ಉಪದೇಶವಷ್ಟೇ ಆದೀತು. ವಿಂಡೋಸ್‌ನ ಪರಿಷ್ಕರಣೆಗಳಿಗೂ ಇದೇ ಕಷ್ಟವಿದೆಯೆಂಬುದು ನಿಜ. ಲಿನಕ್ಸ್‌ಗೆ ಒಂದು ಅನುಕೂಲವೂ ಉಂಟು. ಇಡೀ ವ್ಯವಸ್ಥೆಯನ್ನು, ಬೇಕಾದ ತಂತ್ರಾಂಶಗಳ ಸಮೇತ, ಪೆನ್‌ಡ್ರೈವಿನಲ್ಲಿ ತುಂಬಿಸಿ ಗೆಳೆಯರಿಗೆ ಕೊಡುವುದು ಕಾನೂನುಬದ್ಧ. 1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ಸಿಡಿಯಲ್ಲಿ ಲಿನಕ್ಸ್ ಹಂಚಿದಾಗ ಈ ದೇಶದಲ್ಲಿ ಅದು ಹರಡಿದ್ದೂ ಹೀಗೆಯೇ.

ಐದನೆಯ ವಾದ ಇತ್ತೀಚಿನದು. 2001ರಲ್ಲಿ ಮೈಕ್ರೋಸಾಫ್ಟ್ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಲಿನಕ್ಸನ್ನು ಕ್ಯಾನ್ಸರ್‌ಗೆ ಹೋಲಿಸಿದ್ದರು. 2016ರಲ್ಲಿ ಅದೇ ಕಂಪನಿ ವಿಂಡೋಸ್ ಒಳಗೆ ಲಿನಕ್ಸ್ ಉಪಕರಣಗಳನ್ನು ನಡೆಸುವ ಸೌಲಭ್ಯ ತಂದಿತು. 2019ರಲ್ಲಿ ಪೂರ್ಣ ಲಿನಕ್ಸ್ ಕರ್ನಲನ್ನೇ ಅದರಲ್ಲಿ ಸೇರಿಸುವುದಾಗಿ ಪ್ರಕಟಿಸಿತು. ಹಾಗಾದರೆ ಯಂತ್ರವನ್ನೇ ಬದಲಿಸುವುದೇಕೆ ಎಂಬ ಪ್ರಶ್ನೆ ಸಹಜ. ಹೊಸ ಯಂತ್ರವುಳ್ಳವರಿಗೆ, ವಿಂಡೋಸ್ ಅನಿವಾರ್ಯವಾದವರಿಗೆ ಇದು ಒಪ್ಪತಕ್ಕ ಮಧ್ಯಮಾರ್ಗವೇ ಸರಿ. ಆದರೆ ಆರಂಭದಲ್ಲಿ ಹೇಳಿದ ಹಳೆಯ ಲ್ಯಾಪ್‌ಟಾಪಿನ ವಿದ್ಯಾರ್ಥಿಗೆ ಇದರಿಂದ ಪ್ರಯೋಜನ ಕಡಿಮೆ. ನಾಲ್ಕು ಜಿಬಿ ಸ್ಮೃತಿಯ ಯಂತ್ರದಲ್ಲಿ ಲುಬುಂಟು ಅಥವಾ ಹಗುರ ರೂಪದ ಲಿನಕ್ಸ್ ಮಿಂಟ್ ನೇರವಾಗಿ ನಡೆಯುತ್ತದೆ. ಒಂದು ವ್ಯವಸ್ಥೆಯೊಳಗೆ ಇನ್ನೊಂದನ್ನು ಹೊರುವ ತ್ರಾಣ ಅದಕ್ಕಿರುವುದಿಲ್ಲ.

ಈ ಆಕ್ಷೇಪಗಳನ್ನು ತೂಗಿ ನೋಡಿದರೆ ಉತ್ತರ ಎಲ್ಲರಿಗೂ ಒಂದೇ ಆಗದು. ಗಣಕ ವಿಜ್ಞಾನ, ಮಾಹಿತಿ ತಂತ್ರಜ್ಞಾನ, ಬಿಸಿಎ, ಎಂಸಿಎ ಓದುವವರಿಗೆ ಲಿನಕ್ಸ್ ಅಗತ್ಯ; ಅದು ಅವರ ಕಸುಬಿನ ಉಪಕರಣ. ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಗೂ ಹೆಚ್ಚುಕಡಿಮೆ ಇದೇ ಮಾತು ಸಲ್ಲುತ್ತದೆ, ಏಕೆಂದರೆ ರೌಟರಿನಿಂದ ಹಿಡಿದು ಕಾರಿನವರೆಗೆ ಅಂತರ್ಗತ ಯಂತ್ರಗಳಲ್ಲಿ ಲಿನಕ್ಸ್ ನೆಲೆಯೂರಿದೆ. ಸಿವಿಲ್, ಮೆಕ್ಯಾನಿಕಲ್‌ನವರಿಗೆ ಎರಡೂ ವ್ಯವಸ್ಥೆಗಳನ್ನು ಒಂದೇ ಯಂತ್ರದಲ್ಲಿ ಇಟ್ಟುಕೊಳ್ಳುವುದು ವಿವೇಕ. ಅವರಿಗೂ ಮುಕ್ತ ತಂತ್ರಾಂಶದ ಲೋಕ ಬರಿದಾಗಿಲ್ಲ. ಮುಂಬೈ ಐಐಟಿಯ ಫಾಸ್ಸಿ ಯೋಜನೆಯು ಉಕ್ಕಿನ ರಚನೆಗಳ ವಿನ್ಯಾಸಕ್ಕೆ ಭಾರತೀಯ ಮಾನಕವನ್ನನುಸರಿಸುವ ಆಸ್ಡಾಗ್, ವಿದ್ಯುನ್ಮಂಡಲಗಳಿಗೆ ಇ-ಸಿಮ್ ರೂಪಿಸಿದೆ. ಗಣಿತದ ಲೆಕ್ಕಗಳಿಗೆ ಸೈಲ್ಯಾಬ್ ಬಳಕೆಯನ್ನು ಪ್ರಚುರಪಡಿಸಿದೆ. ಅದೇ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಲಿನಕ್ಸ್ ಪಾಠಗಳು ಕನ್ನಡದ ಧ್ವನಿಯಲ್ಲೂ ಉಚಿತವಾಗಿ ದೊರೆಯುತ್ತವೆ. ಇಂಗ್ಲಿಷ್ ಉಪನ್ಯಾಸಕ್ಕೆ ತಡವರಿಸುವ ಮೊದಲ ವರ್ಷದ ಗ್ರಾಮೀಣ ವಿದ್ಯಾರ್ಥಿಗೆ ಇದು ಸಣ್ಣ ನೆರವಲ್ಲ.

ಕಳ್ಳಪ್ರತಿ ಕಲಿಸುವ ಪಾಠ

ಹೆಚ್ಚು ಚರ್ಚೆಯಾಗದ ಇನ್ನೊಂದು ಮುಖವಿದೆ. ವಿದ್ಯಾರ್ಥಿಗಳ ಯಂತ್ರಗಳಲ್ಲಿರುವ ದುಬಾರಿ ತಂತ್ರಾಂಶಗಳಲ್ಲಿ ಹಣ ಕೊಟ್ಟು ಪಡೆದವು ಎಷ್ಟು ಎಂದು ಕೇಳಿದರೆ ಹಾಸ್ಟೆಲುಗಳಲ್ಲಿ ಮೌನ ಆವರಿಸುತ್ತದೆ. ಬೀಗ ಮುರಿದ ಪ್ರತಿಗಳು ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಸಾಗುತ್ತವೆ. ಜೊತೆಗೆ ವೈರಸ್ಸುಗಳೂ ಸಾಗುತ್ತವೆ. ನಾಳೆ ತಂತ್ರಾಂಶ ಬರೆದು ಬದುಕಬೇಕಾದವರು ಇಂದು ತಂತ್ರಾಂಶವನ್ನು ಕದ್ದು ಕಲಿಯುತ್ತಾರೆ. ಇದನ್ನು ಬಡತನದ ಅನಿವಾರ್ಯತೆ ಎನ್ನುವವರಿದ್ದಾರೆ. ಕದಿಯದೆ, ಬೇಡದೆ, ಪೂರ್ಣ ಹಕ್ಕಿನಿಂದ ಬಳಸಬಹುದಾದ ತಂತ್ರಾಂಶ ಎದುರಿಗಿರುವಾಗ ಆ ಸಮರ್ಥನೆ ನಿಲ್ಲುವುದಿಲ್ಲ.

ಹಕ್ಕಿನ ಮಾತಿನಷ್ಟೇ ಮುಖ್ಯವಾದದ್ದು ಒಳಗಿಣುಕುವ ಅಭ್ಯಾಸ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞ ತಮ್ಮ ಲಿನಕ್ಸ್ ಯಂತ್ರಕ್ಕೆ ದೂರದಿಂದ ಪ್ರವೇಶಿಸುವಾಗ ಅರ್ಧ ಸೆಕೆಂಡಿನಷ್ಟು ವಿಳಂಬವಾಗುವುದನ್ನು ಗಮನಿಸಿದರು. ಅವರು ಮೈಕ್ರೋಸಾಫ್ಟ್ ಉದ್ಯೋಗಿಯೇ ಆಗಿದ್ದರೆಂಬುದು ವಿಶೇಷ. ವಿಳಂಬದ ಜಾಡು ಹಿಡಿದು ಹೋದಾಗ ಎಕ್ಸ್‌ಜೆಡ್ ಎಂಬ ಸಂಕೋಚನ ತಂತ್ರಾಂಶದಲ್ಲಿ ಯಾರೋ ಬಹುಕಾಲ ನಂಬಿಕೆ ಗಳಿಸಿ ಹುದುಗಿಸಿಟ್ಟಿದ್ದ ಕಳ್ಳಬಾಗಿಲು ಪತ್ತೆಯಾಯಿತು. ಮುಕ್ತವಾಗಿದ್ದ ಮಾತ್ರಕ್ಕೆ ತಂತ್ರಾಂಶ ಸುರಕ್ಷಿತವಲ್ಲವೆಂಬುದಕ್ಕೂ, ಮುಕ್ತವಾಗಿದ್ದುದರಿಂದಲೇ ಜಾಡು ಹಿಡಿಯುವುದು ಸಾಧ್ಯವಾಯಿತೆಂಬುದಕ್ಕೂ ಈ ಪ್ರಕರಣ ಸಾಕ್ಷಿ. ಪ್ರೋಗ್ರಾಮನ್ನು ಕೃತಕ ಬುದ್ಧಿಮತ್ತೆಯೇ ಬರೆದುಕೊಡುವ ಈ ಕಾಲದಲ್ಲಿ, ಬರೆದದ್ದು ಸರಿಯೇ ಎಂದು ಬಿಚ್ಚಿ ನೋಡಬಲ್ಲವರಿಗೆ ಬೆಲೆ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ.

ಕನ್ನಡಕ್ಕೂ ಇದೆ ಪಾಲು

ಮೂಲತಃ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಮನೆತನದವರಾದ ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ನಿಧನರಾಗುವ ಮುನ್ನಿನ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡಿದ್ದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಕುವೆಂಪು ಹೆಸರಿನಲ್ಲಿ ತಂತ್ರಾಂಶ ಹೊರತರುವುದಕ್ಕೆ ಅವರ ಒತ್ತಾಸೆಯಿತ್ತು. ಸಾಹಿತಿಯೊಬ್ಬರು ಈ ವಿಷಯಕ್ಕೆ ತಲೆಹಾಕಬೇಕಾಗಿ ಬಂದದ್ದೇಕೆ? ಕಂಪನಿಯೊಂದಕ್ಕೆ ಲಾಭ ಕಾಣದಿದ್ದರೆ ಕನ್ನಡ ಗಣಕಕ್ಕೆ ಬರುವುದಿಲ್ಲ, ಬಂದರೂ ಅರೆಬರೆಯಾಗಿ ಬರುತ್ತದೆ ಎಂಬ ಆತಂಕ ಆ ಕಾಲದ ಕನ್ನಡಿಗರನ್ನು ಕಾಡುತ್ತಿತ್ತು. ಒಂದು ತಂತ್ರಾಂಶದಲ್ಲಿ ಬರೆದ ಕನ್ನಡ ಇನ್ನೊಂದರಲ್ಲಿ ಅಕ್ಷರರಾಶಿಯಾಗಿ ಕೆಡುತ್ತಿದ್ದ ದಿನಗಳವು.

ಮುಕ್ತ ತಂತ್ರಾಂಶದಲ್ಲಿ ಈ ಅವಲಂಬನೆ ತಪ್ಪುತ್ತದೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ವಿಂಡೋಸ್‌ಗೆ ಬಂದದ್ದು. ಆದರೆ ನುಡಿಗೆ ಒಗ್ಗಿದ ಕೈಗಳಿಗೆ ಪರಿಚಿತವಾದ ಕಗಪ ಕೀಲಿಮಣೆ ವಿನ್ಯಾಸ ಇಂದು ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲೇ ಇದೆ. ಅದನ್ನು ಬೇರೆಯಾಗಿ ಕೊಳ್ಳಬೇಕಿಲ್ಲ, ಇಳಿಸಿಕೊಳ್ಳಬೇಕಿಲ್ಲ. ಸಂಚಯ ತಂಡದ ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರಶೈಲಿಗಳು ಡೆಬಿಯನ್ ಎಂಬ ಜಾಗತಿಕ ಲಿನಕ್ಸ್ ವಿತರಣೆಯ ಭಂಡಾರ ಸೇರಿವೆ. ಇದಕ್ಕೆಲ್ಲ ಯಾವ ವಿದೇಶಿ ಕಂಪನಿಯ ಅಪ್ಪಣೆಯೂ ಬೇಕಾಗಲಿಲ್ಲ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿರುವ ತಾಳೆಗರಿ, ಕಡತಗಳಂಥ ಬರಹಗಳು ನಾಳೆ ಯಂತ್ರ ಓದಬಲ್ಲ ಪಠ್ಯವಾಗಬೇಕಿದ್ದರೆ, ಕನ್ನಡ ಬಲ್ಲ ಎಂಜಿನಿಯರ್ ಕೈಹಾಕಲು ಆಸ್ಪದವಿರುವ ವ್ಯವಸ್ಥೆಯೇ ಬೇಕು.

ಹಳ್ಳಿಯಿಂದ ಬಂದ ಹುಡುಗ ಹುಡುಗಿಯರಿಗೆ ಕಪ್ಪು ತೆರೆಯ ಮೇಲೆ ಆದೇಶ ಟೈಪಿಸುವ ಲಿನಕ್ಸ್ ಹಿಡಿಸುವುದಿಲ್ಲ ಎಂಬ ಮಾತು ಅಧ್ಯಾಪಕ ವಲಯದಲ್ಲೇ ಕೇಳಿಬರುವುದುಂಟು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, 1970ರ ದಶಕದ ಕೊನೆಯಲ್ಲಿ ಜಗತ್ತಿನ ಶ್ರೇಷ್ಠ ಚಲನಚಿತ್ರಗಳನ್ನು ಅಡಿಕೆ ತೋಟದ ನಡುವಿನ ಆ ಊರಿಗೆ ತಂದಾಗಲೂ ಇಂಥದೇ ಅನುಮಾನಗಳಿದ್ದವು. ಹಳ್ಳಿಗರು ನೋಡಿದರು, ಚರ್ಚಿಸಿದರು. ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಆ ಬಗೆಯ ಕೆಲಸಕ್ಕೇ. ಹಳ್ಳಿಯವರ ಗ್ರಹಣಶಕ್ತಿಯನ್ನು ಅವರ ಪರವಾಗಿ ಬೇರೆಯವರು ಅಳೆಯುವುದು ಆಗಲೂ ತಪ್ಪಾಗಿತ್ತು, ಈಗಲೂ ತಪ್ಪೇ.

ಆಗಬೇಕಾದುದೇನು?

ಕೇಂದ್ರ ಸರ್ಕಾರ 2015ರಲ್ಲೇ ತನ್ನ ಇಲಾಖೆಗಳಿಗೆ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಪ್ರಕಟಿಸಿತು. ಸಿ-ಡ್ಯಾಕ್ ರೂಪಿಸಿದ ಬಾಸ್ ಎಂಬ ಲಿನಕ್ಸ್ ಆವೃತ್ತಿ 2007ರಿಂದಲೂ ಇದೆ. ನೀತಿಗೇನೂ ಬರವಿಲ್ಲ. ಬರವಿರುವುದು ಪ್ರಯೋಗಾಲಯದ ಬಾಗಿಲಿನ ಒಳಗೆ.

ಗಣಕ ವಿಜ್ಞಾನದ ಮಟ್ಟಿಗಾದರೂ ಪಠ್ಯಕ್ರಮವು ಎರಡರಲ್ಲಿ ಒಂದೆನ್ನುವ ಪದ್ಧತಿಯನ್ನು ಕೈಬಿಟ್ಟು, ಮೊದಲ ವರ್ಷದಿಂದಲೇ ಪ್ರಾಯೋಗಿಕ ಪರೀಕ್ಷೆಯನ್ನು ಲಿನಕ್ಸ್‌ನಲ್ಲಿ ನಡೆಸುವುದೆಂದು ಸ್ಪಷ್ಟವಾಗಿ ಹೇಳಬೇಕು. ಪರೀಕ್ಷೆಯಲ್ಲಿ ಇಲ್ಲದ್ದನ್ನು ನಮ್ಮ ಕಾಲೇಜುಗಳು ಕಲಿಸುವುದಿಲ್ಲವೆಂಬುದು ಕಹಿಯಾದರೂ ಸತ್ಯ. ಅದಕ್ಕೂ ಮೊದಲು ಅಧ್ಯಾಪಕರಿಗೂ ಪ್ರಯೋಗಾಲಯದ ಸಿಬ್ಬಂದಿಗೂ ತರಬೇತಿ ಬೇಕು; ಕೇರಳದಲ್ಲಿ ಬದಲಾವಣೆ ನಿಂತದ್ದು ಶಿಕ್ಷಕರ ಹೆಗಲ ಮೇಲೆ. ಪ್ರತಿ ಕಾಲೇಜೂ ತಂತ್ರಾಂಶ ಭಂಡಾರದ ಒಂದು ಪ್ರತಿಯನ್ನು ತನ್ನ ಸರ್ವರಿನಲ್ಲಿ ಇಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದ ಊರಿನ ವಿದ್ಯಾರ್ಥಿ ಶುಕ್ರವಾರ ಪೆನ್‌ಡ್ರೈವ್ ತುಂಬಿಸಿಕೊಂಡು ಬಸ್ಸು ಹತ್ತಬಹುದು. ಪಾಲಿಟೆಕ್ನಿಕ್‌ಗಳನ್ನೂ ಪದವಿ ಕಾಲೇಜುಗಳ ಬಿಸಿಎ ವಿಭಾಗಗಳನ್ನೂ ಈ ಲೆಕ್ಕದಿಂದ ಹೊರಗಿಡಬಾರದು, ಏಕೆಂದರೆ ಊರಿನ ಹತ್ತಿರವೇ ಓದುವ ಬಡ ಮಕ್ಕಳು ಹೆಚ್ಚಾಗಿ ಸೇರುವುದು ಅಲ್ಲಿಗೇ.

ವಿದ್ಯಾರ್ಥಿಗಳು ಇದೆಲ್ಲ ಆಗುವವರೆಗೆ ಕಾಯಬೇಕಾಗಿಲ್ಲ. ಕಡತಗಳ ನಕಲು ತೆಗೆದಿಟ್ಟುಕೊಂಡು, ಮೊದಲು ಪೆನ್‌ಡ್ರೈವಿನಿಂದಲೇ ಲಿನಕ್ಸ್ ನಡೆಸಿ, ವೈಫೈ ಮತ್ತು ಧ್ವನಿ ಸರಿಯಿದೆಯೇ ನೋಡಿ, ಆಮೇಲೆ ಸ್ಥಾಪಿಸಬಹುದು. ಬೇಕಿದ್ದವರು ವಿಂಡೋಸನ್ನು ಪಕ್ಕದಲ್ಲೇ ಉಳಿಸಿಕೊಳ್ಳಬಹುದು. ಮೊದಲ ತಿಂಗಳು ಕಷ್ಟವೆನಿಸುವುದು ಖಂಡಿತ. ಆದರೆ ಅಡಿಕೆ ಸುಲಿಯುವ ಯಂತ್ರವಾಗಲಿ, ತೋಟದ ಪಂಪ್‌ಸೆಟ್ಟಾಗಲಿ ಕೆಟ್ಟು ನಿಂತಾಗ ಮೆಕ್ಯಾನಿಕ್ ಬರುವವರೆಗೆ ಕಾಯದೆ ತಾನೇ ಬಿಚ್ಚಿ ನೋಡುವುದು ಮಲೆನಾಡಿನ ಮನೆಗಳಿಗೆ ಹೊಸದಲ್ಲ. ಆ ಮನೆಯಿಂದ ಎಂಜಿನಿಯರ್ ಆಗಲು ಹೊರಟವರಿಗೆ, ಬಿಚ್ಚಿ ನೋಡಲು ಅನುಮತಿಯಿರುವ ಯಂತ್ರವೊಂದನ್ನು ಒದಗಿಸುವುದು ಕಾಲೇಜಿನ ಕನಿಷ್ಠ ಹೊಣೆ.